ಕೊಕ್ಕರೆಯ ಹೆಸರಿಗೆ ಹಸಿರು ದೀಪ

"ಒತ್ತಮ್ಮಾ, ಇನ್ನೂ ಯಾಕೆ ನಿಂತಿದ್ದೀಯ?" ಎಂದ ಮಾಜಿ.

ಅವನ ಅಕ್ಕನ ಮಗಳು ಎರಡನೇ ನಿದ್ದೆಕೋಣೆಯ ಬಾಗಿಲ ಪಕ್ಕದ ಪುಟ್ಟ ಕೀಬೋರ್ಡಿನ ಮೇಲೆ ಬೆರಳಿಟ್ಟು ಹಾಗೇ ನಿಂತುಬಿಟ್ಟಿದ್ದಳು. ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಹೇಳುವವಳು, ದಿನವಿಡೀ ಕೀಲಿ ಕುಟ್ಟುವವಳು, ಈಗ ಒಂದೇ ಒಂದು ಹೆಸರು ಒತ್ತುವುದಕ್ಕೆ ಹಿಂದೆ ಮುಂದೆ ನೋಡುತ್ತಿದ್ದಳು.

"ಸತ್ತವರ ಹೆಸರು ಮಾವ. ಯಾಕೋ ಕೈ ಬರ್ತಿಲ್ಲ."

"ಸತ್ತವನಿಗೆ ಇನ್ನೇನೂ ಆಗಲ್ಲ ಟೀಚರಮ್ಮ. ಬದುಕಿರೋರ ಮುಖ ನೋಡಿ ಒತ್ತು."

ಬದುಕಿರುವವಳು ಅವರ ಬೆನ್ನ ಹಿಂದೆಯೇ ನಿಂತಿದ್ದಳು. ಪ್ಯಾಕಿಂಗ್ ಹಾಲಿನ ಕೆಲಸದವಳು. ಈ ಹಣ್ಣಿನ ಗೋದಾಮಿನಲ್ಲಿ ಅವಳನ್ನು ಎಲ್ಲರೂ ಕರೆಯುವುದು ಪಟಾಕಿ ಎಂದು. ಬಾಯಿ ತೆರೆದರೆ ನಿಲ್ಲಿಸುವವರಿಲ್ಲ ಅಂಥ ಹೆಂಗಸು. ಆದರೆ ಕೊಕ್ಕರೆ ಎಂಬ ಉದ್ದನೆಯ ಕೆಲಸಗಾರ ಈ ಕೋಣೆಯೊಳಗೆ ಉಸಿರು ಕಟ್ಟಿ ಸತ್ತು, ಅವನನ್ನು ಕೊಂದವನು ನೀನೇ ಎಂದು ಪೊಲೀಸರು ಅವಳ ಗಂಡ ಗಾಳಿಯಣ್ಣನನ್ನು ಎಳೆದುಕೊಂಡು ಹೋದಾಗಿನಿಂದ ಆ ಬಾಯಿಗೆ ಬೀಗ ಬಿದ್ದಿತ್ತು.

ಇವತ್ತು ಮಧ್ಯಾಹ್ನ ಗಾಳಿಯಣ್ಣನ ಜಾಮೀನಿನ ಅರ್ಜಿ. ಸಿಗದಿದ್ದರೆ ಲಾಕಪ್ಪಿನಿಂದ ನೇರ ಜೈಲಿಗೆ. "ಸಂಜೆಗೆ ನಿನ್ನ ಗಂಡ ನಿನ್ನ ಮನೇಲಿರ್ತಾನೆ, ಇದು ನನ್ನ ಮಾತು" ಎಂದು ಮಾಜಿ ಬೆಳಿಗ್ಗೆಯೇ ಅವಳಿಗೆ ಹೇಳಿಬಿಟ್ಟಿದ್ದ. ಹೇಳಬಾರದಿತ್ತು. ಆದರೆ ಅವನ ಬಾಯಿ ಅವನ ಮಾತನ್ನು ಎಂದಾದರೂ ಕೇಳಿದ್ದುಂಟೇ? ಇದೇ ಬಾಯಿಂದಲೇ ಅಲ್ಲವೇ ಪೊಲೀಸ್ ಕೆಲಸ ಹೋದದ್ದು! ಮೊದಮೊದಲು ಮಾಜಿ ಇನ್ಸ್‌ಪೆಕ್ಟರ್ ಎನ್ನುತ್ತಿದ್ದ ಜನ ಆಮೇಲೆ ಸೋಮಾರಿತನಕ್ಕೆ ಇನ್ಸ್‌ಪೆಕ್ಟರನ್ನು ಉದುರಿಸಿ ಬರೀ ಮಾಜಿ ಉಳಿಸಿಕೊಂಡಿದ್ದರು.

"ಬೇಗ ಮುಗಿಸ್ರಪ್ಪ," ಎಂದರು ಗೋದಾಮಿನ ಒಡತಿ ಅಮ್ಮಾವ್ರು, ಶಾಲನ್ನು ಬಿಗಿಯಾಗಿ ಸುತ್ತಿಕೊಳ್ಳುತ್ತ. "ಆಗಲೇ ಒಂದನೇ ಕೋಣೆ ಹಣ್ಣೆಲ್ಲ ಎಬ್ಬಿಸಿ ಕೂರಿಸಿದ್ದೀರಿ. ಅದನ್ನ ಮತ್ತೆ ಮಲಗಿಸೋರು ಯಾರು, ನೀವಾ?"

ಹಣ್ಣನ್ನು ಮಲಗಿಸುವುದು ಎಂದರೆ ಇಲ್ಲಿಯ ಭಾಷೆಯಲ್ಲಿ ಅದರ ಉಸಿರು ನಿಲ್ಲಿಸುವುದು. ಸೇಬು, ಪೇರಳೆ ಕೊಯ್ದ ಮೇಲೂ ಉಸಿರಾಡುತ್ತವೆ, ಉಸಿರಾಡಿದಷ್ಟೂ ಬೇಗ ಕೊಳೆಯುತ್ತವೆ. ಅದಕ್ಕೇ ತಣ್ಣನೆಯ ಕೋಣೆಯಲ್ಲಿ ಪೇರಿಸಿ, ಒಳಗಿನ ಪ್ರಾಣವಾಯು ತೆಗೆದು ಬೇರೆ ಅನಿಲ ತುಂಬುತ್ತಾರೆ. ತಿಂಗಳುಗಟ್ಟಲೆ ಹಣ್ಣು ಹಾಗೇ ಇರುತ್ತದೆ. ಮನುಷ್ಯ ಮಾತ್ರ ಎರಡು ಉಸಿರಿಗೆ ನೆಲಕ್ಕೆ ಬೀಳುತ್ತಾನೆ. ವಾಸನೆಯಿಲ್ಲ, ಕೆಮ್ಮಿಲ್ಲ, ಕಣ್ಣುರಿಯಿಲ್ಲ. ಬೀಳುವವನಿಗೆ ತಾನು ಬೀಳುತ್ತಿರುವುದೂ ತಿಳಿಯುವುದಿಲ್ಲ.

ಆದ್ದರಿಂದ ಒಳಗೆ ಹೋಗುವವರು ಬಾಗಿಲ ಪಕ್ಕದ ಕೀಬೋರ್ಡಿನಲ್ಲಿ ತಮ್ಮ ಅಡ್ಡಹೆಸರು ಒತ್ತಬೇಕು. ಫ್ಯಾನು ಗುಡುಗುಡು ಎಂದು ಶುರುವಾಗಿ ಕೋಣೆಗೆ ಹೊಸ ಗಾಳಿ ನುಗ್ಗುತ್ತದೆ. ಅಷ್ಟು ಹೊತ್ತು ಕೆಂಪು ದೀಪ. ಗಾಳಿ ತುಂಬಿದ ಮೇಲೆ ಹಸಿರು ದೀಪ, ಬಾಗಿಲು ಸಡಿಲ. ಕಾಯುವುದು ಯಾರಿಗೆ ಬೇಕು? ಹೆಸರು ಒತ್ತಿ, ಅತ್ತ ಹೋಗಿ ಚಹಾ ಕುಡಿದು, ಬಂದು ನೋಡಿ ಹಸಿರಿದ್ದರೆ ಒಳಗೆ ನುಗ್ಗುವುದು ಇಲ್ಲಿ ಎಲ್ಲರಿಗೂ ರೂಢಿ.

ಮಂಗಳವಾರ ಕೊಕ್ಕರೆಯೂ ಹಾಗೇ ಮಾಡಿದ್ದ. ಒತ್ತಿದ, ಚಹಾ ಕುಡಿದ, ಹಸಿರು ನೋಡಿದ, ನುಗ್ಗಿದ. ಆಮೇಲೆ ಅವನನ್ನು ಕಾಲು ಹಿಡಿದು ಎಳೆದು ಹೊರಗೆ ತಂದರು.

ಪೊಲೀಸರ ಲೆಕ್ಕ ಸುಲಭವಾಗಿತ್ತು. ಫ್ಯಾನಿನ ಸ್ವಿಚ್ಚೂ ದೀಪದ ಸ್ವಿಚ್ಚೂ ಕಂಟ್ರೋಲ್ ರೂಮಿನಲ್ಲಿವೆ. ಅಲ್ಲಿ ಕೂರುವವನು ಗಾಳಿಯಣ್ಣ ಒಬ್ಬನೇ. ಹಿಂದಿನ ವಾರ ಕೊಕ್ಕರೆ ಅವನ ಮೇಲೆ ದೂರು ಕೊಟ್ಟಿದ್ದ, ಕುಡಿದು ಪಾಳಿಯಲ್ಲಿ ನಿದ್ದೆ ಹೊಡೀತಾನೆ ಎಂದು. ಆ ಸೇಡಿಗೆ ಗಾಳಿಯಣ್ಣ ಕೈಯಾರೆ ಫ್ಯಾನು ಆರಿಸಿ ಹಸಿರು ದೀಪ ಹಾಕಿದ. ಮುಗಿಯಿತು, ಕೇಸು ಕಟ್ಟು!

"ಹೂಂ," ಎಂದಳು ಟೀಚರ್. ಕಣ್ಣು ಮುಚ್ಚಿ ತೆರೆದು, ಕೊಕ್ಕರೆ ಎಂದು ಒತ್ತಿದಳು.

ಎಲ್ಲರೂ ಫ್ಯಾನಿನ ಸದ್ದಿಗೆ ಕಿವಿಗೊಟ್ಟರು. ಸ್ವಲ್ಪ ಮುಂಚೆ ಒಂದನೇ ಕೋಣೆಯಲ್ಲಿ ಗುಂಡ ಎಂಬ ಲೋಡರ್‌ನ ಹೆಸರು ಒತ್ತಿದಾಗ ಗೋಡೆಯೇ ನಡುಗುವ ಹಾಗೆ ಫ್ಯಾನು ತಿರುಗಿತ್ತು. ಕೆಂಪು ದೀಪ ಎಷ್ಟೋ ಹೊತ್ತು ಉರಿದಿತ್ತು.

ಇಲ್ಲಿ ಯಾವ ಸದ್ದೂ ಇಲ್ಲ.

ಟಕ್ ಎಂದಿತು ಬಾಗಿಲು. ಹಸಿರು ದೀಪ ಹತ್ತಿತು.

"ಅಯ್ಯೋ ದೇವರೇ," ಎಂದರು ಅಮ್ಮಾವ್ರು.

ಮಾಜಿ ಎಲ್ಲರನ್ನೂ ಹಿಂದಕ್ಕೆ ಸರಿಸಿದ. ಬಾಗಿಲನ್ನು ಒಂದು ಗೇಣು ತೆರೆದು, ಮುಖ ಅತ್ತ ತಿರುಗಿಸಿ, ಉಸಿರು ಬಿಗಿಹಿಡಿದು, ಕಡ್ಡಿ ಗೀರಿ ಕೈಯನ್ನು ಸಂದಿನೊಳಗೆ ಚಾಚಿದ. ಸಿಗರೇಟು ಬಿಟ್ಟು ವರ್ಷವಾಗಿತ್ತು, ಬೆಂಕಿಪೊಟ್ಟಣ ಬಿಟ್ಟಿರಲಿಲ್ಲ. ಕಡ್ಡಿ ಹೊಸ್ತಿಲು ದಾಟಿದ್ದೇ ತಡ ಪಕ್ಕನೆ ಆರಿತು. ಇನ್ನೊಂದು ಗೀರಿದ. ಅದೂ ಆರಿತು. ಬಾಗಿಲು ದಬ್ಬಿ ಮುಚ್ಚಿದ.

"ಕಂಟ್ರೋಲ್ ರೂಮಲ್ಲಿ ಈಗ ಯಾರಿದ್ದಾರೆ ಅಮ್ಮಾವ್ರೇ?"

"ಪೊಲೀಸ್ ಪೇದೆ. ಆವತ್ತಿಂದ ಅಲ್ಲೇ ಕೂತಿದ್ದಾನೆ. ಏನೂ ಮುಟ್ಟಬಾರದು, ಏನೂ ಆರಿಸಬಾರದು ಅಂತ ಅವರ ಸಾಹೇಬರ ಆರ್ಡರು."

"ಅಂದ್ರೆ ಫ್ಯಾನಿನ ಸ್ವಿಚ್ಚು ಯಾರೂ ಮುಟ್ಟಿಲ್ಲ. ದೀಪದ ಸ್ವಿಚ್ಚೂ ಮುಟ್ಟಿಲ್ಲ. ಕೊಕ್ಕರೆ ಅಂತ ಒತ್ತಿದ್ದಕ್ಕೇ ಹೀಗಾಯ್ತು. ಸರಿ ತಾನೇ ಟೀಚರಮ್ಮ?"

ಟೀಚರ್ ಇಷ್ಟೂ ಹೊತ್ತು ಫೋನಿನಲ್ಲಿ ಚಿತ್ರ ಹಿಡಿದಿದ್ದಳು. ತಲೆಯಾಡಿಸಿದಳು. ಪಟಾಕಿ ಎರಡೂ ಕೈ ಬಾಯಿಗೆ ಒತ್ತಿಕೊಂಡಿದ್ದಳು. ಅವಳ ಕಣ್ಣು ಹಸಿರು ದೀಪವನ್ನು ಬಿಟ್ಟು ಕದಲಲಿಲ್ಲ. ಸಂತೋಷಕ್ಕೆ ಮಾತು ಹೊರಡುತ್ತಿಲ್ಲ ಎಂದುಕೊಂಡ ಮಾಜಿ.

"ನನಗೊಂದಿಷ್ಟು ಅರ್ಥವಾಗೋ ಹಾಗೆ ಹೇಳಿ," ಎಂದರು ಅಮ್ಮಾವ್ರು.

"ಹೇಳ್ತೀನಿ ಕೇಳಿ," ಎಂದಳು ಟೀಚರ್. "ನಿಮ್ಮ ಪ್ರೋಗ್ರಾಂ ಪೈಥಾನ್ ಅನ್ನೋ ಭಾಷೇಲಿದೆ. ಅದರಲ್ಲಿ ಒಂದಷ್ಟು ಕೆಲಸ ಒಟ್ಟಿಗೆ ಕಟ್ಟಿ ಅದಕ್ಕೊಂದು ಹೆಸರಿಡಬಹುದು. ಅದಕ್ಕೆ ಫಂಕ್ಷನ್ ಅಂತಾರೆ."

"ನನಗೆ ಗೊತ್ತಿರೋ ಫಂಕ್ಷನ್ನಲ್ಲಿ ಊಟ ಹಾಕ್ತಾರೆ," ಎಂದ ಮಾಜಿ.

ಟೀಚರ್ ಅದನ್ನು ಕಿವಿಗೆ ಹಾಕಿಕೊಳ್ಳದೆ ಮುಂದುವರಿಸಿದಳು.

"ಇಲ್ಲಿ ಒಬ್ಬೊಬ್ಬ ಕೆಲಸಗಾರರ ಅಡ್ಡಹೆಸರಿಗೂ ಒಂದೊಂದು ಫಂಕ್ಷನ್ ಇದೆ. ಗಾಳಿ ತುಂಬು, ದೀಪ ಹಾಕು, ಬಾಗಿಲು ಬಿಡು, ಇಷ್ಟೇ ಮೂರು ಸಾಲು. ನೀವು ಬಾಗಿಲಲ್ಲಿ ಏನು ಒತ್ತುತ್ತೀರೋ ಆ ಹೆಸರಿನ ಫಂಕ್ಷನ್ ಇದೆಯಾ ಅಂತ ಪ್ರೋಗ್ರಾಂ ಹುಡುಕುತ್ತೆ. ಸಿಕ್ಕಿದರೆ ಸೀದಾ ಓಡಿಸುತ್ತೆ. ಒಳಗೆ ಏನು ಬರೆದಿದೆ, ಸರಿಯಾಗಿದೆಯಾ, ಬಿಟ್ಟುಹೋಗಿದೆಯಾ, ಒಂದೂ ನೋಡಲ್ಲ. ಕೊಕ್ಕರೆಯ ಫಂಕ್ಷನ್ನಿನಲ್ಲಿ ಗಾಳಿ ತುಂಬು ಅನ್ನೋ ಸಾಲನ್ನ ಯಾರೋ ತೆಗೆದಿದ್ದಾರೆ. ಉಳಿದಿದ್ದು ಏನು? ದೀಪ ಹಾಕು, ಬಾಗಿಲು ಬಿಡು."

"ಆದ್ರೆ ಪೊಲೀಸರಿಗೆ ಕೊಟ್ಟ ಪ್ರೋಗ್ರಾಂ ಪ್ರತೀಲಿ ಆ ಸಾಲು ಇತ್ತಲ್ಲ!"

ಹೀಗೆ ಕೇಳಿದವನು ಅಮ್ಮಾವ್ರ ಅಳಿಯ. ಪ್ರೋಗ್ರಾಂ ಬರೆದವನು ಅವನೇ. ಇಸ್ತ್ರಿ ಮಾಡಿದ ಅಂಗಿ, ಕೂದಲಿಗೆ ಎಣ್ಣೆಯ ಮಿರುಗು, ಇಷ್ಟೂ ಹೊತ್ತು ಕಂಬಕ್ಕೊರಗಿ ನಿಂತಿದ್ದ.

"ಇತ್ತು. ಅದೇ ತಮಾಷೆ," ಎಂದಳು ಟೀಚರ್. "ನಾನೂ ನಿನ್ನೆ ಫೈಲು ನೋಡ್ದೆ, ಎಲ್ಲ ಸರಿಯಾಗಿತ್ತು. ಆದರೆ ಅದನ್ನ ಕೊನೇ ಸಲ ತಿದ್ದಿದ್ದು ಬುಧವಾರ. ಕೊಕ್ಕರೆ ಸತ್ತ ಮರುದಿನ. ಪ್ರೋಗ್ರಾಂ ಶುರುವಾದಾಗ ಫೈಲನ್ನ ಒಂದು ಸಲ ಓದಿ ನೆನಪಲ್ಲಿಟ್ಟುಕೊಳ್ಳುತ್ತೆ, ಆಮೇಲೆ ಆ ಕಡೆ ತಿರುಗಿಯೂ ನೋಡಲ್ಲ. ಫೈಲು ತಿದ್ದಿದ ಪುಣ್ಯಾತ್ಮರು ಪ್ರೋಗ್ರಾಂ ನಿಲ್ಲಿಸಿ ಮತ್ತೆ ಶುರು ಮಾಡಿಲ್ಲ. ಪೇದೆ ಕೂತಿದ್ದಾನಲ್ಲ, ಮಾಡೋಕಾಗಿಲ್ಲ. ಅದಕ್ಕೇ ಕಾಗದದಲ್ಲಿ ಒಂದಿದೆ, ಓಡ್ತಿರೋದು ಇನ್ನೊಂದು."

ಮಾಜಿಯ ಎದೆ ಹಗುರವಾಯಿತು. ಬುಧವಾರ! ಬುಧವಾರ ಗಾಳಿಯಣ್ಣ ಲಾಕಪ್ಪಿನಲ್ಲಿ ಮಂಡಿಗೆ ಮುಖ ಕೊಟ್ಟು ಕೂತಿದ್ದ. ತಪ್ಪು ಮುಚ್ಚಿದ ಕೈ ಲಾಕಪ್ಪಿನ ಹೊರಗಿನದು. ಹೊರಗಿನ ಕೈ ಎಂದರೆ ಹೊರಗಿನ ಕಳ್ಳ. ಇದಕ್ಕಿಂತ ಇನ್ನೇನು ಬೇಕು?

ಅಲ್ಲೇ ನಿಂತು ವಕೀಲರಿಗೆ ಫೋನು ಹಚ್ಚಿದ. "ಸ್ವಾಮೀ, ಕೋರ್ಟಲ್ಲೇ ಇದ್ದೀರಾ? ವಿಡಿಯೋ ಕಳಿಸ್ತಿದ್ದೀನಿ. ಗಾಳಿಯಣ್ಣ ಸ್ವಿಚ್ಚು ಮುಟ್ಟಬೇಕಾಗೇ ಇರಲಿಲ್ಲ. ಸಾಕ್ಷಿ ತಿದ್ದಿದ್ದು ಅವನು ಒಳಗಿದ್ದಾಗ. ಎರಡೂ ಮಾತು ಜಡ್ಜ್ ಸಾಹೇಬರ ಕಿವಿಗೆ ಹಾಕಿ. ಹ್ಞಾಂ, ನನ್ನ ಹೆಸರು ಹೇಳಿ, ನಾನು ಜವಾಬ್ದಾರಿ."

ಫೋನು ಜೇಬಿಗಿಟ್ಟು ಪಟಾಕಿಯ ಕಡೆ ತಿರುಗಿ, "ಆಯ್ತು ಕಣಮ್ಮ, ಇನ್ನು ಧೈರ್ಯವಾಗಿರು" ಎಂದ.

ವಕೀಲರ ಸುದ್ದಿಗೆ ಕಾದು ಕಾದು ಎರಡು ತಾಸು ಕಳೆದ ಮೇಲೆ ಮಾಜಿ ಅಂಗಿಯ ತೋಳು ಮಡಿಸಿದ. ಹಳೆಯ ಅಭ್ಯಾಸ. ಅಳಿಯನ ಎದುರಿಗೆ ಹೋಗಿ ನಿಂತ.

"ಸರಿ ಅಳಿಯಂದ್ರೇ. ಈ ಗೋದಾಮಲ್ಲಿ ಪ್ರೋಗ್ರಾಂನ ತಲೆಬುಡ ಗೊತ್ತಿರೋರು ಎಷ್ಟು ಜನ?"

"ಏನು ಹಾಗಂದ್ರೆ? ನನ್ನ ಮೇಲೆ ಅನುಮಾನವಾ?"

"ಅನುಮಾನ ಅಂತ ನಾನಂದ್ನಾ? ಎಷ್ಟು ಜನ ಅಂತ ಕೇಳ್ದೆ."

"ಬರೆದವನು ನಾನು."

"ಕೊಕ್ಕರೆಗೂ ನಿಮಗೂ ಹೇಗಿತ್ತು?"

"ಆಳಿಗೂ ಯಜಮಾನನಿಗೂ ಇರೋ ಹಾಗಿತ್ತು!" ಅಳಿಯನ ಧ್ವನಿ ಏರಿತು. "ಅತ್ತೆ, ಇವರನ್ನ ಒಳಗೆ ಬಿಟ್ಟಿದ್ದೇ ತಪ್ಪು. ಬಾಗಿಲು ತೆಗೆದ ತಪ್ಪಿಗೆ ಮೈಮೇಲೇ ಬರ್ತಿದ್ದಾರೆ."

"ಬಾಗಿಲ ವಿಷಯಾನೇ ಮಾತಾಡೋಣ," ಎಂದು ಟೀಚರ್ ಮಧ್ಯೆ ನುಗ್ಗಿದಳು. "ಹಸಿರು ದೀಪ ಹತ್ತಬೇಕಾದ್ದು ಕೋಣೆಯ ಗಾಳಿ ಅಳೆದು. ನೀವು ಹತ್ತಿಸಿದ್ದು ಹೆಸರು ನೋಡಿ. ಬಾಗಿಲಲ್ಲಿ ನಿಂತವರು ಒತ್ತಿದ ಹೆಸರನ್ನ ಎತ್ತಿಕೊಂಡು ಹೋಗಿ ಹಾಗೇ ಓಡಿಸೋದಾ? ನನ್ನ ಮೊದಲ ವರ್ಷದ ಮಕ್ಕಳು ಹೀಗೆ ಬರೆದರೆ ಹೊರಗೆ ನಿಲ್ಲಿಸ್ತೀನಿ ನಾನು."

"ಸುಲಭವಾಗಲಿ ಅಂತ ಮಾಡಿದ್ದು ರೀ! ಹೊಸಬರು ಬಂದ್ರೆ ಅವರ ಹೆಸರಲ್ಲಿ ಒಂದು ಫಂಕ್ಷನ್ ಸೇರಿಸಿದ್ರೆ ಆಯ್ತು. ಬೇರೆ ಎಲ್ಲೂ ಕೈ ಹಾಕೋ ಹಾಗಿಲ್ಲ."

"ಸುಲಭವಾಯ್ತು ಬಿಡಿ," ಎಂದ ಮಾಜಿ. "ಕೊಕ್ಕರೆಗೆ ಕಷ್ಟಾನೇ ಆಗಲಿಲ್ಲ."

ಅಮ್ಮಾವ್ರು ಮುಖ ತಿರುಗಿಸಿದರು. ಹೆಣ ಹೊರಗೆ ಹೋದ ಮೇಲೆ ಅದೇ ಸಂಜೆ ಈ ಕೋಣೆಯನ್ನು ಮತ್ತೆ ಮಲಗಿಸಲು ಹೇಳಿದ್ದವರು ಅವರೇ. ಅದು ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿ ಬಿಟ್ಟಿರಲಿಲ್ಲ.

ಅಳಿಯ ಹಣೆ ಒರೆಸಿಕೊಂಡ. ಇಷ್ಟು ಚಳಿಯಲ್ಲೂ ಬೆವರಿದ್ದ. ಆದರೆ ಅವನು ಕಣ್ಣು ತಪ್ಪಿಸಲಿಲ್ಲ, ಅದು ಮಾಜಿಗೆ ಇಷ್ಟವಾಗಲಿಲ್ಲ.

"ನೋಡಿ ಸಾರ್, ನನ್ನ ಕೆಲಸ ಕಳಪೆ ಅನ್ನಿ, ಒಪ್ಕೋತೀನಿ. ಕೊಲೆ ಅನ್ನಬೇಡಿ. ಒಂದು ವರ್ಷದಿಂದ ಆ ಹೆಸರುಗಳ ಕಡೆ ನಾನು ತಲೆ ಹಾಕಿಲ್ಲ. ಯಾರು ಪದೇ ಪದೇ ಎದ್ದು ಹೋಗಿ ಸೇರಿಸ್ತಾರೆ ಅಂತ ಬೇರೆಯವರಿಗೆ ಕಲಿಸಿಬಿಟ್ಟೆ. ಹಳೇ ಫಂಕ್ಷನ್ ಒಂದನ್ನ ನಕಲು ಮಾಡು, ಮೇಲಿನ ಹೆಸರು ಬದಲಾಯಿಸು, ಪ್ರೋಗ್ರಾಂ ನಿಲ್ಲಿಸಿ ಶುರು ಮಾಡು. ಅಷ್ಟೇ."

"ಯಾರಿಗೆ ಕಲಿಸಿದ್ರಿ?"

"ಇನ್ಯಾರಿಗೆ? ಕಂಪ್ಯೂಟರ್ ಮುಂದೆ ಕೂರೋನು ಒಬ್ಬನೇ ತಾನೇ. ಗಾಳಿಯಣ್ಣನಿಗೆ."

ಮಾಜಿಯ ಮಡಿಸಿದ ತೋಳು ಅರ್ಧಕ್ಕೇ ಜಾರಿತು.

"ಸೋಮವಾರ ಬಂದು ಕೇಳಿದ," ಎಂದು ಅಳಿಯ ಮುಂದುವರಿಸಿದ. "ಹೊಸ ಲೋಡರ್ ಹೆಸರು ಸೇರಿಸಿದ್ದೀನಿ ಧಣಿ, ಒಂದು ಸಲ ನಿಲ್ಲಿಸಿ ಶುರು ಮಾಡಲಾ ಅಂತ. ಮಾಡಪ್ಪ ಅಂದೆ."

ಟೀಚರ್ ಮೆಲ್ಲನೆ, "ಮಾವ, ಪ್ರೋಗ್ರಾಂ ಓಡ್ತಿರೋದು ಸೋಮವಾರದಿಂದ ಅನ್ನೋದು ನಿಜ. ಕರೆಂಟು ಹೋಗಿರಬೇಕು ಅಂದ್ಕೊಂಡಿದ್ದೆ" ಎಂದಳು.

"ಕರೆಂಟು ಎಲ್ಲಿ ಹೋಗಿತ್ತು?" ಎಂದರು ಅಮ್ಮಾವ್ರು. "ಹೊಸ ಲೋಡರ್ ಯಾರು? ಈ ತಿಂಗಳು ನಾನು ಯಾರನ್ನೂ ಸೇರಿಸ್ಕೊಂಡಿಲ್ಲ."

ಆದರೂ ಮಾಜಿಯ ಮೊಂಡ ಮನಸ್ಸು ಹಿಡಿದಿದ್ದನ್ನು ಬಿಡಲು ಒಪ್ಪಲಿಲ್ಲ. ಸೋಮವಾರದ್ದು ಸರಿ, ಬುಧವಾರದ್ದು? ಲಾಕಪ್ಪಿನಲ್ಲಿ ಕೂತವನು ಗೋದಾಮಿನ ಫೈಲು ತಿದ್ದಿದನೇ? ಅಲ್ಲಿಂದ ಇಲ್ಲಿಗೆ ಹೇಗೆ ಕೈ ಚಾಚಿದ?

"ಆ ಫೈಲು ಎಲ್ಲೆಲ್ಲಿಂದ ತೆಗೀಬಹುದು?" ಎಂದು ಕೇಳಿದ.

"ಎಲ್ಲ ಕಂಪ್ಯೂಟರಿಂದಲೂ. ಆಫೀಸು, ಕಂಟ್ರೋಲ್ ರೂಮು, ಪ್ಯಾಕಿಂಗ್ ಹಾಲು," ಎಂದ ಅಳಿಯ.

ಯಾರೂ ಪಟಾಕಿಯ ಕಡೆ ನೋಡಬೇಕಾಗಿರಲಿಲ್ಲ. ಆದರೆ ಎಲ್ಲರೂ ನೋಡಿದರು.

"ನಾನೇ ಸಾರ್," ಎಂದಳು ಪಟಾಕಿ.

ಅಮ್ಮಾವ್ರು "ಏನೇ!" ಎಂದರು. ಮಾಜಿ ಕೈಯೆತ್ತಿ ತಡೆದ.

"ಬುಧವಾರ ಅವರಿಗೆ ಊಟ ತಗೊಂಡು ಸ್ಟೇಷನ್ನಿಗೆ ಹೋಗಿದ್ದೆ. ಪೇದೆ ಆ ಕಡೆ ಹೋದಾಗ ಮೆಲ್ಲಗೆ ಹೇಳಿದ್ರು. ಫೈಲಲ್ಲಿ ಒಂದೆರಡು ಕಡೆ ಸಾಲು ಬಿಟ್ಟುಹೋಗಿದೆ ಕಣೆ, ನಕಲು ಮಾಡುವಾಗ ಕೈತಪ್ಪಿ ಆಗಿದ್ದು. ಪೊಲೀಸರು ನೋಡಿದ್ರೆ ಬೇಕಂತ ಮಾಡಿದ್ದು ಅಂತಾರೆ. ಗುಂಡನ ಹೆಸರಿನ ಕೆಳಗೆ ಇರೋ ಹಾಗೇ ಅಲ್ಲೂ ಹಾಕಿಬಿಡು ಅಂದ್ರು. ನಾನು ಪೆಟ್ಟಿಗೆಗೆ ಲೇಬಲ್ ಹೊಡೆಯೋ ಕಂಪ್ಯೂಟರಲ್ಲಿ ತೆಗೆದು ಹಾಕ್ದೆ. ಓದೋಕೆ ಬರಲ್ಲ ಸಾರ್ ನನಗೆ ಅದು. ಒಂದು ಸಾಲು ಕಡಿಮೆ ಇತ್ತು, ಸೇರಿಸ್ದೆ. ಅಷ್ಟೇ."

"ಇಷ್ಟು ದಿನ ನನ್ನ ಹತ್ರ ಯಾಕಮ್ಮ ಹೇಳಲಿಲ್ಲ?" ಮಾಜಿಗೆ ಸಿಟ್ಟು ನೆತ್ತಿಗೇರಿತ್ತು. "ನಿನ್ನ ನಂಬಿ ನಾನು ಕೋರ್ಟಿಗೆ ಮಾತು ಕೊಟ್ಟೆ!"

"ಕೈತಪ್ಪಿ ಆಗಿದ್ದು ಅಂದ್ರಲ್ಲ ಸಾರ್. ನನ್ನ ಗಂಡ ಹೇಳಿದ್ದು. ನಾನು ನಂಬದೆ ಇನ್ಯಾರು ನಂಬ್ತಾರೆ?"

ಅಳುತ್ತಾಳೆ ಎಂದುಕೊಂಡ ಮಾಜಿ. ಅವಳು ಅಳಲಿಲ್ಲ. ಬಾಗಿಲು ಮುಚ್ಚಿದ ಮೇಲೆ ಹಸಿರು ದೀಪ ಆರಿ ಕೆಂಪಾಗಿದ್ದನ್ನೇ ನೋಡುತ್ತಿದ್ದಳು. ಅವನಿಗೆ ಆಗ ಹೊಳೆಯಿತು, ಬೆಳಿಗ್ಗೆಯಿಂದ ಇವಳ ಮುಖದಲ್ಲಿ ತಾನು ಕಂಡದ್ದು ಸಂತೋಷವೇ ಅಲ್ಲ.

"ಒಂದೆರಡು ಕಡೆ ಅಂದೆ," ಎಂದಳು ಟೀಚರ್, ಉಸಿರಿನಲ್ಲೇ. "ಕೊಕ್ಕರೆ ಒಂದು ಕಡೆ. ಇನ್ನೊಂದು ಯಾರದು?"

ಪಟಾಕಿ ಟೀಚರನ್ನು ಪಕ್ಕಕ್ಕೆ ಸರಿಸಿ ಕೀಬೋರ್ಡಿನ ಮುಂದೆ ಹೋಗಿ ನಿಂತಳು. ವರ್ಷಗಟ್ಟಲೆ ಒತ್ತಿ ಪಳಗಿದ ಬೆರಳು. ನೋಡದೆಯೇ ಒತ್ತಿದಳು.

ಪಟಾಕಿ.

ಎಲ್ಲರೂ ಫ್ಯಾನಿಗಾಗಿ ಕಾದರು. ತಿರುಗು, ತಿರುಗು ಎಂದು ಮಾಜಿ ಒಳಗೊಳಗೇ ಬೇಡಿಕೊಂಡ. ಜೀವಮಾನದಲ್ಲಿ ಯಾವ ಯಂತ್ರಕ್ಕೂ ಅವನು ಹಾಗೆ ಬೇಡಿಕೊಂಡಿರಲಿಲ್ಲ.

ಟಕ್.

ಹಸಿರು ದೀಪ.

ಅಮ್ಮಾವ್ರು ಗೋಡೆ ಹಿಡಿದುಕೊಂಡರು. ಅಳಿಯ "ಛೇ, ಛೇ, ಛೇ" ಎನ್ನುತ್ತ ತಲೆಯ ಮೇಲೆ ಕೈ ಹೊತ್ತ. ಮಾಜಿ ಒಂದೇ ಹೆಜ್ಜೆಗೆ ಮುಂದೆ ಬಂದು ಬಾಗಿಲಿಗೆ ಬೆನ್ನು ಕೊಟ್ಟು ನಿಂತ, ಅವಳು ಎಲ್ಲಿ ಒಳಗೆ ನುಗ್ಗಿಬಿಡುತ್ತಾಳೋ ಎಂಬ ಭಯಕ್ಕೆ.

"ವಾರಕ್ಕೊಮ್ಮೆ ಒಳಗೆ ಹೋಗಿ ಹಣ್ಣು ಮುಟ್ಟಿ ನೋಡಿ ಬರೋದು ನನ್ನ ಕೆಲಸ," ಎಂದಳು ಪಟಾಕಿ. "ನನ್ನ ಪಾಳಿ ಬುಧವಾರ. ಮಂಗಳವಾರ ಕೊಕ್ಕರೆ ಸತ್ತಿದ್ದಕ್ಕೆ ಬುಧವಾರ ಕೋಣೆ ತೆಗೀಲಿಲ್ಲ."

"ತಂಗೀ," ಎಂದ ಮಾಜಿ. ಪೊಲೀಸ್ ಕೆಲಸದಲ್ಲಿದ್ದಾಗ ಇಂಥ ಪ್ರಶ್ನೆಯನ್ನು ಅವನು ಗದರಿಸಿ ಕೇಳುತ್ತಿದ್ದ. ಈಗ ಮೆಲ್ಲನೆ ಕೇಳಿದ. "ನಿನ್ನ ಮೇಲೆ ಅವನಿಗೆ ಏನಿತ್ತು?"

"ಕೊಕ್ಕರೆ ದೂರು ಕೊಟ್ಟನಲ್ಲ, ಕುಡಿದು ನಿದ್ದೆ ಹೊಡೀತಾನೆ ಅಂತ. ಕೊಟ್ಟಿದ್ದು ಅವನು. ಕೊಡಿಸಿದ್ದು ನಾನು. ಕಂಟ್ರೋಲ್ ರೂಮಲ್ಲಿ ಕುಡಿದು ಬಿದ್ದಿರ್ತಾರೆ, ಒಂದು ದಿನ ಯಾರದಾದ್ರೂ ಜೀವ ಹೋಗುತ್ತೆ, ನಾನು ಹೇಳಿದ್ರೆ ಮನೇಲಿ ಉಳಿಯೋಕಾಗಲ್ಲ, ನೀನಾದ್ರೂ ಅಮ್ಮಾವ್ರಿಗೆ ಹೇಳಣ್ಣ ಅಂತ ಅವನ ಕೈ ಹಿಡಿದು ಕೇಳ್ಕೊಂಡೆ. ಜೀವ ಹೋಗಬಾರದು ಅಂತ ತಾನೇ ಸಾರ್ ನಾನು ಹೇಳಿದ್ದು?"

"ನೀನು ಹೇಳಿಸಿದ್ದು ನಿನ್ನ ಗಂಡನಿಗೆ ಗೊತ್ತಿತ್ತಾ?" ಎಂದ ಮಾಜಿ.

"ಗೊತ್ತಿಲ್ಲ ಅಂದ್ಕೊಂಡಿದ್ದೆ," ಎಂದಳು ಅವಳು.

ಟೀಚರ್ ಅವಳ ಹೆಗಲ ಮೇಲೆ ಕೈಯಿಟ್ಟಳು. ಪಟಾಕಿ ಅದನ್ನು ತೆಗೆಯಲೂ ಇಲ್ಲ, ಹಿಡಿದುಕೊಳ್ಳಲೂ ಇಲ್ಲ.

ಮಾಜಿಯ ತಲೆ ಆಗಲೇ ಕೋರ್ಟಿನ ಕಡೆ ಓಡಿತ್ತು. ವಕೀಲ! ತಡೆಯಬೇಕು, ಹೇಳಿದ್ದನ್ನು ವಾಪಸು ತಗೊಳ್ಳಬೇಕು. ಜೇಬಿಗೆ ಕೈ ಹಾಕುವಷ್ಟರಲ್ಲಿ ಫೋನೇ ಬಡಿದುಕೊಂಡಿತು.

"ಸಾರ್, ನಮಸ್ಕಾರ ಸಾರ್!" ವಕೀಲನ ಧ್ವನಿ ಕುಣಿಯುತ್ತಿತ್ತು, ಪಕ್ಕದವರಿಗೂ ಕೇಳುವಷ್ಟು ಜೋರಾಗಿ. "ಏನು ವಿಡಿಯೋ ಸಾರ್ ಅದು! ಸರ್ಕಾರಿ ವಕೀಲರ ಬಾಯೇ ಕಟ್ಟಿಹೋಯ್ತು. ಜಾಮೀನು ಆಯ್ತು. ಆಗಲೇ ಬಿಟ್ಟಾಯ್ತು. ಸಂಜೆ ತನಕ ಕಾಯೋದೇ ಬೇಡ, ನಿಮ್ಮ ಮಾತು ಉಳಿಸಿದೆ ನೋಡಿ!"

"ಅವನೆಲ್ಲಿ ಈಗ?"

"ಆಗಲೇ ಆಟೋ ಹತ್ತಿ ಹೋದ. ಪಾಪ, ಮನೆಗೆ ಹೋಗಿ ಸ್ವಲ್ಪ ಮಲಕ್ಕೋ ಮಾರಾಯ ಅಂದ್ರೆ ಕೇಳಲಿಲ್ಲ. ಮೊದಲು ಹೆಂಡ್ತಿನ ನೋಡಬೇಕು ಅಂತ ಗೋದಾಮಿನ ಕಡೆಗೇ ಹೊರಟ. ಎಂಥ ಪ್ರೀತಿ ನೋಡಿ ಸಾರ್."

ಮಾಜಿ ಫೋನು ಕಿವಿಯಿಂದ ಇಳಿಸಿದ. ತನ್ನ ಕೈಯಾರೆ ಬಿಡಿಸಿ, ತನ್ನ ಹೆಸರಿನಲ್ಲೇ ಜವಾಬ್ದಾರಿ ಹೊತ್ತು, ಇವಳ ಬಳಿಗೆ ಕಳಿಸಿಕೊಟ್ಟಿದ್ದ. ಇಷ್ಟು ವರ್ಷದ ಅನುಭವ ಇಟ್ಟುಕೊಂಡು ಮಾಡಿದ ಕೆಲಸ ಇದು. ತನ್ನ ಕೆನ್ನೆಗೆ ತಾನೇ ಬಾರಿಸಿಕೊಳ್ಳಬೇಕೆನಿಸಿತು.

"ಗೇಟು ಹಾಕ್ಸಿ ಅಮ್ಮಾವ್ರೇ. ಟೀಚರಮ್ಮ, ನೀನು ಇವಳನ್ನ ಹಿಂದಿನ ಬಾಗಿಲಿಂದ ಕರ್ಕೊಂಡು ಹೋಗು. ಅಳಿಯಂದ್ರೇ, ಓಡಿ, ಆ ಪೇದೆನ ಎಬ್ಬಿಸಿ..."

ಇನ್ನೊಂದು ಫೋನು ಹಾಡತೊಡಗಿತು. ಪಟಾಕಿಯದು. ಅವಳು ಸೆರಗಿನಿಂದ ಅದನ್ನು ತೆಗೆದು ನೋಡಿದಳು. ಗಾಜಿನ ಮೇಲೆ ಮೂಡಿದ್ದು ಒಂದೇ ಪದ: ಮನೆಯವರು.

"ಎತ್ತಬೇಡ," ಎಂದ ಮಾಜಿ.

ಅವಳು ಅವನ ಮುಖ ನೋಡಿದಳು. ಆಮೇಲೆ ಬಾಗಿಲು ನೋಡಿದಳು. ಎತ್ತಿದಳು.

"ಹ್ಞೂಂ ರೀ!" ಎಂದಳು. ಎಷ್ಟೋ ದಿನದ ಮೇಲೆ ಆ ಬಾಯಿ ಮೊದಲಿನ ಹಾಗೆ ಅರಳು ಹುರಿದಂತೆ ಮಾತಿಗೆ ಶುರುವಿಟ್ಟಿತು. "ಬಿಟ್ರಾ? ಅಯ್ಯೋ, ಎಷ್ಟು ಹೊತ್ತಿಂದ ಕಾಯ್ತಿದ್ದೀನಿ ಗೊತ್ತಾ? ಊಟ ಮಾಡಿದ್ರಾ? ಎಲ್ಲಿದ್ದೀರಿ ಈಗ, ಗೇಟಲ್ಲಾ? ಅಲ್ಲೇ ಯಾಕೆ ನಿಂತಿರಿ, ಜನ ನೋಡ್ತಾರೆ. ಇಲ್ಲ ಇಲ್ಲ, ಇಲ್ಲಿ ಯಾರೂ ಇಲ್ಲ, ನಾನೊಬ್ಳೇ ಇದ್ದೀನಿ."

ಮಾಜಿ ಬಾಗಿಲು ಬಿಟ್ಟು ಮುಂದೆ ಬಂದು ಫೋನು ಕಿತ್ತುಕೊಳ್ಳಲು ಕೈ ಚಾಚಿದ. ಅವಳು ಅವನನ್ನು ಬಳಸಿ ಬಾಗಿಲ ಕಡೆ ಸರಿದಳು. ಇನ್ನೊಂದು ಕೈ ಹಸಿರು ದೀಪದ ಕೆಳಗೆ ಬಾಗಿಲ ಹಿಡಿಯನ್ನು ಬಿಗಿಯಾಗಿ ಹಿಡಿದಿತ್ತು.

"ಒಳಗೇ ಬನ್ನಿ ರೀ," ಎಂದಳು. "ಎರಡನೇ ಕೋಣೆ ಹತ್ರ ಕಾಯ್ತಿರ್ತೀನಿ."